ಮಾವಶಿಯ ಎಡಗೈ

ನನ್ನ ಗಂಡ ಬೆತ್ತಲೆ ಹೆಂಗಸಿನ ಚಿತ್ರ ಬರೆಯುತ್ತಿದ್ದ ಮಧ್ಯಾಹ್ನಗಳಲ್ಲಿ ನಾನು ಅದೇ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ಶೇಂಗಾ ಸುಲಿಯುತ್ತ ಕೂತಿರುತ್ತಿದ್ದೆ. ಕಲೆಗೆ ನನ್ನ ಸೇವೆ ಇಷ್ಟೇ. ಬಾಗಿಲಿನ ಚಿಲಕ ಸಡಿಲವಾಗಿತ್ತು. ಯಾರಾದರೂ ತಳ್ಳಿದರೆ ಮೊದಲು ನನ್ನ ಬೆನ್ನಿಗೆ ತಾಗಲಿ ಎಂದು ಅಲ್ಲಿ ಕೂತಿದ್ದೆ. ಚಿಲಕ ರಿಪೇರಿ ಮಾಡಿಸಬಹುದಿತ್ತು. ಆದರೆ ಬಡಿಗ ಬಂದು, ಹಾಡಹಗಲೇ ಒಳಗಿನಿಂದ ಯಾಕೆ ಚಿಲಕ ಹಾಕಿಕೊಳ್ಳುತ್ತೀರಿ ಎಂದು ಕೇಳಿದರೆ ಏನು ಹೇಳುವುದು ಎಂಬ ಚಿಂತೆಯಲ್ಲೇ ಎಂಟು ತಿಂಗಳು ಕಳೆದವು.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಿಪ್ಪಾಣಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ ನಮ್ಮದು. ಇವರು ದಿನಾ ಬಸ್ಸು ಹಿಡಿದು ಚಿಕ್ಕೋಡಿಯ ಹೈಸ್ಕೂಲಿಗೆ ಡ್ರಾಯಿಂಗ್ ಮಾಸ್ತರಿಕೆಗೆ ಹೋಗುತ್ತಿದ್ದರು. ನಾನು ಊರೊಳಗಿನ ಕನ್ನಡ ಶಾಲೆಯಲ್ಲಿ ಎರಡನೆಯ ಇಯತ್ತೆಗೆ ಪಾಠ ಹೇಳುತ್ತಿದ್ದೆ. ವಾರದಲ್ಲಿ ಆರು ದಿನ ತಂಬಾಕಿನ ಘಾಟಿನಲ್ಲಿ ಅರವತ್ತು ಮಕ್ಕಳಿಗೆ ಮಗ್ಗಿ ಹೇಳಿಸಿ ಗಂಟಲು ಹರಿದುಕೊಂಡವಳಿಗೆ ಉಳಿಯುವುದು ಒಂದು ಭಾನುವಾರ. ಅದರ ಮಧ್ಯಾಹ್ನದ ನಿದ್ದೆಯನ್ನೂ ಚಿತ್ರಕ್ಕೆ ಕೊಟ್ಟೆ. ನಾನು ಕೊಟ್ಟದ್ದು ನಿದ್ದೆ ಮಾತ್ರ, ಉಳಿದದ್ದೆಲ್ಲ ಕೊಟ್ಟವಳು ಮಾವಶಿ.

ಇವರ ಹಸಿವು ಹಳೆಯದು. ಮಿರಜದ ಕಡೆ ಚಿತ್ರಕಲೆ ಕಲಿಯುವಾಗ ಮನುಷ್ಯನ ಮೈ ನೋಡಿ ಬರೆಯಲು ಇವರಿಗೆ ಸಿಕ್ಕಿದ್ದು ಲಂಗೋಟಿ ಉಟ್ಟ ಒಬ್ಬ ಮುದಿ ಹಮಾಲ. ಕೂತ ಐದು ನಿಮಿಷಕ್ಕೆ ಆತನಿಗೆ ನಿದ್ದೆ ಹತ್ತುತ್ತಿತ್ತಂತೆ. ಹೀಗಾಗಿ ಇವರು ಬರೆದ ಎಲ್ಲರ ಕತ್ತೂ ಎದೆಯ ಮೇಲೆ ಬಿದ್ದಿರುತ್ತಿತ್ತು. ರಾಜರದು, ಸಂತರದು, ಕೊನೆಗೆ ಶಾಲೆಯ ಗೋಡೆಯ ಮೇಲಿನ ದೇಶಭಕ್ತರದು ಕೂಡ. "ಎಚ್ಚರಿದ್ದ ಮೈ ಒಂದ ಸಲ ಬರೀಬೇಕು" ಎಂದು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದರು, ಬೇರೆಯವರ ಗಂಡಂದಿರು ಕಾಶಿಗೆ ಹೋಗಬೇಕು ಎನ್ನುವ ಧಾಟಿಯಲ್ಲಿ.

ಮೊದಲು ಕೇಳಿದ್ದು ನನ್ನನ್ನೇ. ಮದುವೆಯಾಗಿ ಒಂಬತ್ತು ವರ್ಷವಾಗಿತ್ತು, ಹೂಂ ಅಂದೆ. ಕೂತೆ. ಕೂತ ಮೇಲೆ ಸ್ಟೋವ್ ಆರಿಸಿದ್ದೆನೋ ಇಲ್ಲವೋ ಅನ್ನಿಸಿತು. ಎದ್ದು ನೋಡಿ ಬಂದೆ. ಮತ್ತೆ ಕೂತೆ. ಹಾಲಿನ ಮೇಲೆ ತಟ್ಟೆ ಮುಚ್ಚಿದ್ದೆನೇ? ಬೆಕ್ಕು? ಮೂರನೆಯ ಸಲ ಏಳುವ ಹೊತ್ತಿಗೆ ಇವರು ಇದ್ದಿಲ ತುಂಡು ಕೆಳಗಿಟ್ಟರು.

"ನೀ ಅರಬಿ ಬಿಚ್ಚಿದ್ರೂ ಚಿಂತಿ ಬಿಚ್ಚಂಗಿಲ್ಲ. ಬೆನ್ನ ಮ್ಯಾಲ ಸುದ್ದಾ ಹಾಲು ಉಕ್ಕೋದ ಕಾಣತೈತಿ. ಏಳು, ಚಾ ಮಾಡು."

ಅಲ್ಲಿಗೆ ಮಾಡೆಲ್ ಆಗಿ ನನ್ನ ನೌಕರಿ ಮುಗಿಯಿತು.

ಮಾವಶಿ ಬೇಡಕಿಹಾಳದವಳು. ನಮ್ಮ ಗಡಿಯ ಕಡೆ ವಯಸ್ಸಿನಲ್ಲಿ ದೊಡ್ಡವಳಾದ ಕೆಲಸದ ಹೆಂಗಸನ್ನು ಮಾವಶಿ, ಎಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಾರೆ. ದಿನಾ ಬಸ್ಸಿನಲ್ಲಿ ಬಂದು ನಮ್ಮ ಓಣಿಯ ಹಿಂದಿನ ತಂಬಾಕಿನ ವಖಾರಿಯಲ್ಲಿ ಎಲೆ ಆರಿಸುತ್ತಿದ್ದಳು. ನಲವತ್ತೈದರ ಆಸುಪಾಸು, ಗಂಡ ಸತ್ತು ಹತ್ತು ವರ್ಷ. ನೀರು ಕುಡಿಯಲು ನಮ್ಮ ಕಟ್ಟೆಗೆ ಬರುತ್ತಿದ್ದವಳನ್ನು ಇವರು ಸೀರೆಯಲ್ಲಿ ಕೂತಂತೆ ನಾಲ್ಕಾರು ಸಲ ಬರೆದಿದ್ದರು. ದೊಡ್ಡ ಮಾತು ಕೇಳುವ ಕೆಲಸ ನನ್ನ ಪಾಲಿಗೆ ಬಂತು. ಗಂಡಸು ಕೇಳಿದರೆ ಅದು ಬೇರೆಯೇ ಮಾತಾಗಿಬಿಡುತ್ತದಲ್ಲ. ಮೂರು ದಿನ ಮನಸ್ಸಿನಲ್ಲೇ ಪಾಠ ಮಾಡಿಕೊಂಡು, ನಾಲ್ಕನೆಯ ದಿನ ಹೇಳಿದೆ. ಅವಳು ಚೊಂಬು ಕೆಳಗಿಟ್ಟಳು.

"ಪೂರಾನೇ?"

"ಪೂರಾ."

"ಸುಮ್ನ ಕುಂಡ್ರೋದು ಅಷ್ಟೇನ?"

"ಅಷ್ಟೇ. ಅರ್ಧ ದಿನದ ಕೂಲಿ ಅವ್ರು ಕೊಡ್ತಾರ."

ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. "ವಖಾರ್ಯಾಗ ಕೆಮ್ಮೋಕಿಂತ ಛಲೋನ ಬಿಡ್ರಿ. ಆದ್ರ ಅಕ್ಕೋರ, ನೀವು ಅಲ್ಲೇ ಇರಬೇಕು. ಮತ್ತ ನಾ ಅಂತ ಯಾರಿಗೂ ಗೊತ್ತಾಗಬಾರದು, ನನ್ನ ಮಾರಿ ಕಾಣಬಾರದು. ಮೈದುನನ ಮನ್ಯಾಗ ಒಂದು ಖೋಲಿ ಐತಿ ನಂದು, ಹಿತ್ತಲದಾಗ ಎರಡು ಎಮ್ಮಿ ಕಟ್ಟಾಕ ಜಾಗಾ ಐತಿ. ಅಂವ ನೆವಾ ಹುಡಕಾಕತ್ತಾನ. ಸಿಕ್ತಂದ್ರ ನಾನು, ಎಮ್ಮಿ, ಮೂರೂ ಮಂದಿ ರಸ್ತಾದ ಮ್ಯಾಲ."

"ಯಾರಿಗೂ ಗೊತ್ತಾಗಂಗಿಲ್ಲ ಮಾವಶಿ. ನಾ ಅದೀನಲ್ಲ" ಎಂದೆ.

ಆ 'ನಾ ಅದೀನಲ್ಲ' ಎಂಬ ಮಾತು ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತವೆ.

ಮೊದಲ ಭಾನುವಾರ ಕಿಟಕಿಗೆ ಎರಡು ಚಾದರ ಕಟ್ಟಿದೆ. ಕತ್ತಲಾಯಿತು ಎಂದು ಇವರು ಒಂದನ್ನು ಬಿಚ್ಚಿಸಿದರು. ಮಾವಶಿ ಒಳಗೆ ಬಂದಾಗ ಇವರು ತಪ್ಪು ಮಾಡಿದ ವಿದ್ಯಾರ್ಥಿಯಂತೆ ಗೋಡೆಗೆ ಮುಖ ಮಾಡಿ ನಿಂತಿದ್ದರು. ಅವಳು ಸೀರೆ ಬಿಚ್ಚಿ, ಅಂಗಡಿಯವರೂ ಮಡಚಲಾರದಷ್ಟು ಒಪ್ಪವಾಗಿ ಮಡಚಿ, ಚಾಪೆಯ ಮೇಲೆ ಕೂತು "ಹೂಂ" ಅಂದಳು. ಇವರು ತಿರುಗಿದರು. ಮೈಮೇಲೆ ಒಂದು ನೂಲೂ ಇರಲಿಲ್ಲ. ತಲೆಯ ಮೇಲೆ ಮಾತ್ರ ನಮ್ಮ ಬಚ್ಚಲ ಮನೆಯ ಬಿಳಿ ಟಾವೆಲ್ ಹೊದ್ದಿದ್ದಳು.

"ಮಾವಶಿ, ಆ ಟಾವೆಲ್ಲು..." ಎಂದು ನಾನು ಮೆಲ್ಲಗೆ ಹೇಳಿದೆ.

"ತಲಿ ಬಿಟಗೊಂಡು ಮಾಸ್ತರ ಮುಂದ ಹೆಂಗ ಕುಂಡ್ರಲ್ರಿ ಅಕ್ಕೋರ? ಅಷ್ಟೂ ಮರ್ಯಾದಿ ಬ್ಯಾಡೇನು?"

ಯಾರೂ ನಗಲಿಲ್ಲ. ನನ್ನ ಅತ್ತೆಯೂ ಆಸ್ಪತ್ರೆಯ ಮಂಚದ ಮೇಲೆ, ಜ್ವರ ತಲೆಗೇರಿದ್ದಾಗಲೂ, ಡಾಕ್ಟರು ಬಂದರೆ ಸೆರಗು ಹುಡುಕುತ್ತಿದ್ದಳು. ಇವರಿಗಂತೂ ಖುಷಿಯೇ ಆಯಿತು. ಟಾವೆಲ್ಲಿನ ಅಂಚು ಮುಂದೆ ಬಿದ್ದು ಮುಖವನ್ನು ಪೂರ್ತಿ ಮುಚ್ಚಿತ್ತು. ಮುಖದ ಸಮಸ್ಯೆ ತಾನಾಗಿಯೇ ಬಗೆಹರಿಯಿತು. ನನಗೂ ನಿರಾಳವಾಯಿತು. ನನ್ನ ಜೀವನದಲ್ಲಿ ನಿರಾಳವಾದಾಗಲೇ ಏನಾದರೊಂದು ಕೆಡುವುದು.

ಹೊಟ್ಟೆಕಿಚ್ಚು ಬರಬಹುದೆಂದು ಮೊದಲೇ ಚಿಂತೆ ಮಾಡಿಟ್ಟುಕೊಂಡಿದ್ದೆ. ಬರಲಿಲ್ಲ. ಶಿಂಪಿ ಬಟ್ಟೆ ನೋಡುವಂತೆ ಇವರು ಅವಳನ್ನು ನೋಡುತ್ತಿದ್ದರು. ಎಲ್ಲಿ ಕತ್ತರಿಸಬೇಕು, ಎಷ್ಟು ಉಳಿಯುತ್ತದೆ, ಅಷ್ಟೇ. ಆಮೇಲೆ ಇನ್ನೊಂದು ಚಿಂತೆ ಹತ್ತಿತು. ಇವರು ನನ್ನನ್ನೂ ಹೀಗೆಯೇ ನೋಡುತ್ತಾರೇನು? ಕೇಳಿದರೆ ನಿಜ ಹೇಳಿಬಿಡುತ್ತಾರೆಂಬ ಅಂಜಿಕೆಗೆ ಕೇಳಲಿಲ್ಲ.

ಒಂದು ಮೊಣಕಾಲು ಮಡಚಿ, ಅದಕ್ಕೆ ಎಡಗೈ ಸುತ್ತಿ, ಬೆನ್ನು ಅರ್ಧ ತಿರುಗಿಸಿ ಅವಳು ಕೂರುತ್ತಿದ್ದಳು. ಅವರಿಬ್ಬರ ನಡುವೆ ಮಾತೇ ಇರಲಿಲ್ಲ. "ಭುಜಾ ಇಳಸು", "ಅಲ್ಲೇ ಇರಲಿ", ಇಷ್ಟೇ. ಎಲೆ ಆರಿಸಿ ರೂಢಿಯಾದ ಅವಳ ಬೆರಳು ಸುಮ್ಮನಿರುತ್ತಿರಲಿಲ್ಲ, ತಮ್ಮಷ್ಟಕ್ಕೆ ಏನನ್ನೋ ಬಿಡಿಸುತ್ತ ಹೋಗುತ್ತಿದ್ದವು. "ಕೈ ಹಂದಿಸಬ್ಯಾಡ" ಎಂದು ಇವರೆಂದರೆ, "ಅವು ನನ್ನ ಮಾತು ಕೇಳಂಗಿಲ್ರಿ, ನೀವ ಹೇಳಿ ನೋಡ್ರಿ" ಎನ್ನುತ್ತಿದ್ದಳು. ಹರಟೆಯೆಲ್ಲ ನಮ್ಮಿಬ್ಬರದು. ದೊಡ್ಡ ಎಮ್ಮೆ ಈಯಲಿಕ್ಕೆ ಬಂದದ್ದು, ಸಣ್ಣದು ಒದೆಯುವುದು, ಮೈದುನ ಹಿತ್ತಲಿನ ಬೇಲಿಯನ್ನು ರಾತ್ರೋರಾತ್ರಿ ಒಂದು ಗೇಣು ಈಚೆ ಸರಿಸಿದ್ದು. ಕೇಳುತ್ತ ಕೇಳುತ್ತ ನನಗೆ ತೂಕಡಿಕೆ ಬರುತ್ತಿತ್ತು. ಬೆತ್ತಲೆ ಹೆಂಗಸು ಇರುವ ಕೋಣೆಯಲ್ಲಿ ಅಷ್ಟು ಬೇಸರ ಇರುತ್ತದೆಂದು ಹೊರಗಿನ ಗಂಡಸರಿಗೆ ಗೊತ್ತಾದರೆ ಅರ್ಧ ಜನ ಸುಧಾರಿಸುತ್ತಿದ್ದರು.

ನಾಲ್ಕು ಗಂಟೆಗೆ ಇವರು ಚಿತ್ರದ ಮೇಲೆ ಬಟ್ಟೆ ಹೊದಿಸುತ್ತಿದ್ದರು, ಆಮೇಲೆ ಅವಳು ಸೀರೆ ಉಡುತ್ತಿದ್ದಳು. ತೋರಿಸಿರಿ ಎಂದು ಅವಳು ಕೇಳಲಿಲ್ಲ. ನೋಡು ಎಂದು ಇವರೂ ಅನ್ನಲಿಲ್ಲ. ನಡುವೆ ಕೂತ ನನಗೂ ಅದು ಹೊಳೆಯಲಿಲ್ಲ.

ಮುಂದಿನ ಬೇಸಿಗೆ ರಜೆಯಲ್ಲಿ ಸುತ್ತಲಿನ ಡ್ರಾಯಿಂಗ್ ಮಾಸ್ತರರೆಲ್ಲ ಸೇರಿ ಅಥಣಿಯ ಒಂದು ಶಾಲೆಯಲ್ಲಿ ಮೂರು ದಿನದ ಪ್ರದರ್ಶನ ಇಟ್ಟುಕೊಂಡರು. ಇವರ ಚಿತ್ರವನ್ನು ಒಳಗಿನ ಕೋಣೆಯಲ್ಲಿ ಪರದೆಯ ಹಿಂದೆ ತೂಗುಹಾಕಿ, 'ಮಕ್ಕಳಿಗೆ ಪ್ರವೇಶವಿಲ್ಲ' ಎಂದು ರಟ್ಟಿನ ಮೇಲೆ ಬರೆದರು. ಹೀಗಾಗಿ ಬಂದವರೆಲ್ಲ ಮೊದಲು ಅಲ್ಲಿಗೇ ಹೋದರು.

ಶುಕ್ರವಾರ, ಮೊದಲ ದಿನ, ಕಸಬರಿಗೆ ಮಾರುವ ಒಬ್ಬ ಮುದುಕಿ ನೆರಳಿಗೆಂದು ಶಾಲೆಯ ಕಟ್ಟೆಯ ಮೇಲೆ ಕೂತಳು. ನೀರು ಕೊಟ್ಟೆ. ಗಂಡಸರು ಒಳಹೋಗಿ ಮೀಸೆ ಒರೆಸಿಕೊಳ್ಳುತ್ತ ಬರುವುದನ್ನು ನೋಡಿ, ಒಳಗೇನೈತಿ ಎಂದು ಕೇಳಿದಳು. ಕರೆದುಕೊಂಡು ಹೋಗಿ ತೋರಿಸಿದೆ. ಬೆತ್ತಲೆ ಮೈ ಅವಳಿಗೆ ಲಕ್ಷ್ಯಕ್ಕೇ ಬರಲಿಲ್ಲ. ಚಿತ್ರದ ಎಡಗೈಗೆ ಮೂಗು ತಾಗುವಷ್ಟು ಹತ್ತಿರ ಹೋದಳು.

"ಇದು ನನ್ನ ಸೂಜಿ" ಎಂದಳು.

"ಏನಂದಿ ಆಯಿ?"

"ಈ ಹಚ್ಚಿ ನಾ ಹಾಕಿದ್ದು. ಮೊದಲ ಊರೂರು ತಿರಗಿ ಹಚ್ಚಿ ಹಾಕತಿದ್ದೆ, ಈಗ ಕಣ್ಣು ಕಾಣಂಗಿಲ್ಲಂತ ಕಸಬರಿಗಿ. ನೋಡ, ಮ್ಯಾಲ ತುಳಸಿಕಟ್ಟಿ, ಕೆಳಗ ಚೇಳು. ಚೇಳಿಗೆ ಒಂದು ಕಾಲು ಇಲ್ಲ. ಹಾಕಾಕತ್ತಾಗ ಎಮ್ಮಿ ಒದರ್ತು ಅಂತ ಪೋರಿ ಕೈ ಕಸಗೊಂಡು ಓಡಿದ್ಲು. ಬೇಡಕಿಹಾಳದ ಹೊಸಾ ಸೊಸಿ ಆಗ ಅಕಿ." ಮತ್ತೊಮ್ಮೆ ನೋಡಿದಳು. "ಮಾಸ್ತರ ಛಲೋ ತಗದಾನ. ನನ್ನ ತಪ್ಪು ಸುದ್ದಾ ಬಿಟ್ಟಿಲ್ಲ."

ಎಂಟು ತಿಂಗಳು ಆ ಕೈಯನ್ನು ಚಾಪೆಯ ಮೇಲೂ ಕ್ಯಾನ್ವಾಸಿನ ಮೇಲೂ ನೋಡಿದ್ದೆ. ಕಿಟಕಿಯ ಚಿಂತೆ ಮಾಡಿದ್ದೆ, ಚಿಲಕದ್ದು ಮಾಡಿದ್ದೆ, ಅವಳಿಗೆ ನೆಗಡಿಯಾದೀತೆಂದು ಮಾಡಿದ್ದೆ. ಹಚ್ಚೆಯ ಚಿಂತೆ ಮಾಡಿರಲಿಲ್ಲ. ನಮ್ಮ ಕಡೆ ದೊಡ್ಡ ಹೆಂಗಸರ ಕೈಯೆಂದರೆ ಹಚ್ಚೆ ಇದ್ದೇ ಇರುತ್ತದೆ. ನನ್ನ ತಾಯಿಗಿತ್ತು, ಅತ್ತೆಗಿತ್ತು. ಅದು ಬಿಚ್ಚಿಡುವಂಥದ್ದಲ್ಲ, ಮುಚ್ಚಿಡುವಂಥದ್ದೂ ಅಲ್ಲ. ಹಾಗಾಗಿ ಅದು ಇವರಿಗೆ ಬಣ್ಣವಾಗಿ ಕಂಡಿತು, ನನಗೆ ಕಾಣಲೇ ಇಲ್ಲ. ಬೇಡಕಿಹಾಳದ ಅರ್ಧ ಊರಿಗೆ ಆ ಕೈ ದಿನಕ್ಕೆರಡು ಸಲ ಹಾಲು ಹಾಕುತ್ತಿತ್ತು. ಮುಖದ ಮೇಲೆ ಸೆರಗಾದರೂ ಇರುತ್ತದೆ. ಹಾಲು ಅಳೆಯುವ ಕೈಯ ಮೇಲೆ ಏನಿರುತ್ತದೆ?

ಇವರನ್ನು ಹೊರಗೆ ಬೇವಿನ ಗಿಡದ ಕೆಳಗೆ ಕರೆದು ಹೇಳಿದೆ.

"ಚಿತ್ರ ಇಳಸ್ರಿ."

"ಇಳಿಸಿದ್ರ ಯಾಕ ಇಳಿಸಿದ್ರಂತ ನೂರು ಮಂದಿ ಕೇಳ್ತಾರ. ಈಗಾಗಲೇ ಎಲ್ಲಾರೂ ನೋಡ್ಯಾರ."

"ಹಂಗಾರ ಆ ಹಚ್ಚಿ ಅಳಸ್ರಿ."

"ಆ ಕೈಯೇ ಚಿತ್ರ. ಅದನ್ನ ಕೆರದ್ರ ಉಳದದ್ದು ಬರೇ ಬೆನ್ನು. ಕಂಡದ್ದನ್ನ ಬರೀರಿ ಅಂತ ಹುಡುಗರಿಗೆ ಇಪ್ಪತ್ತು ವರ್ಷ ಹೇಳೀನಿ."

"ರವಿವಾರ ಬೇಡಕಿಹಾಳದ ಸಾಲಿ ಮಾಸ್ತರು ಜನಾ ಕಟಗೊಂಡು ಬರಾಕತ್ತಾರಂತ. ಅವ್ರೂ ಕಂಡದ್ದನ್ನ ಹೇಳ್ತಾರ."

ಇವರು ಬಣ್ಣ ಒಣಗಿದ ಉಗುರು ಕೆರೆದುಕೊಂಡರು.

"ಅಕಿಗೆ ಹೋಗಿ ಕೇಳತೀನಿ" ಎಂದೆ.

"ಅಕಿಗೇನು ತಿಳೀತೈತಿ ಚಿತ್ರದ್ದು?"

"ಚಿತ್ರದ್ದಲ್ರಿ. ಕೈಯದ್ದು."

ಎರಡು ಬಸ್ಸು ಬದಲಿಸಿ, ರಾಯಬಾಗದಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಅರ್ಧ ತಾಸು ನಿಂತು, ಹಾಲು ಹಿಂಡುವ ಹೊತ್ತಿಗೆ ಬೇಡಕಿಹಾಳ ಮುಟ್ಟಿದೆ. ಅಂಗಳದ ಹೊರಸಿನ ಮೇಲೆ ಮೈದುನ ಕೂತಿದ್ದ. ಕೆಂಪು ರುಮಾಲು, ತೆಳ್ಳಗಿನ ಮೋರೆ. "ನಿಪ್ಪಾಣಿ ಅಕ್ಕೋರು, ಮನ್ಯಾಗ ಎರಡು ದಿನ ಕೆಲಸೈತಿ ಅಂತ ಕರ್ಯಾಕ ಬಂದಾರ" ಎಂದು ಮಾವಶಿ ನಾನು ಬಾಯಿ ತೆರೆಯುವ ಮೊದಲೇ ಹೇಳಿದಳು. ನನ್ನ ಮೋರೆ ನೋಡಿಯೇ ಅವಳಿಗೆ ಏನೋ ಕೆಟ್ಟಿದೆಯೆಂದು ಗೊತ್ತಾಗಿತ್ತು. ಹಿತ್ತಲಿನಲ್ಲಿ ಎಮ್ಮೆಯ ಮಗ್ಗುಲಿಗೆ ಕೂತು ಎಲ್ಲ ಹೇಳಿದೆ. ಅವಳು ಹಿಂಡುವುದನ್ನು ನಿಲ್ಲಿಸಲಿಲ್ಲ. ಎರಡೂ ಎಮ್ಮೆ ಮುಗಿದ ಮೇಲೆ, ಚರಿಗೆಯ ನೊರೆ ನೋಡುತ್ತ ಒಂದೇ ಮಾತು ಅಂದಳು.

"ನೀವು ಅಲ್ಲೇ ಕುಂತಿದ್ರಲ್ಲ ಅಕ್ಕೋರ."

ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಎಮ್ಮೆಗಳನ್ನು ಪಕ್ಕದ ಮನೆಯವಳಿಗೆ ಒಪ್ಪಿಸಿ, "ನಡೀರಿ, ನಾ ನೋಡಬೇಕು" ಎಂದಳು.

ರಾತ್ರಿಗೆ ನಿಪ್ಪಾಣಿಯಲ್ಲಿ ಇಳಿದು, ಶನಿವಾರ ಮೊದಲ ಬಸ್ಸಿಗೆ ಹೊರಟು, ಪ್ರದರ್ಶನದ ಬಾಗಿಲು ತೆರೆಯುವ ಮೊದಲೇ ಅಥಣಿಗೆ ಬಂದೆವು. ಇವರು ಬಣ್ಣ, ಕುಂಚ ಸಿದ್ಧಮಾಡಿಕೊಂಡು ಕೂತಿದ್ದರು. ಗಡ್ಡ ಮಾಡಿರಲಿಲ್ಲ. ಮಾವಶಿ ಪರದೆಯ ಹಿಂದೆ ಹೋಗಿ ಚಿತ್ರದ ಮುಂದೆ ನಿಂತಳು. ಮೊದಲ ಸಲ.

"ಇಷ್ಟು ಅಗಲ ಐತೇನ್ರಿ ನನ್ನ ಬೆನ್ನು?"

ಅವಳು ಒಂದು ಹೆಜ್ಜೆ ಹಿಂದೆ ಸರಿದು ನೋಡಿದಳು.

"ಬ್ಯಾಸತ್ತಾಕಿ ಕಾಣಸ್ತಾಳ."

"ಎಚ್ಚರದಾಕಿನೂ ಕಾಣಸ್ತಾಳ" ಎಂದರು ಇವರು. ಆಮೇಲೆ, "ತಪ್ಪಾತು ಮಾವಶಿ. ಆ ಕೈ ಅಳಸ್ತೀನಿ." ಎಂಟು ತಿಂಗಳಲ್ಲಿ ಭುಜ, ಕೈ ಬಿಟ್ಟು ಅವಳೊಂದಿಗೆ ಇವರು ಆಡಿದ ಮೊದಲ ಮಾತು ಇದು.

ಅವಳು ತನ್ನ ಕೈಯನ್ನೂ ಚಿತ್ರದ ಕೈಯನ್ನೂ ನೋಡಿದಳು. "ಅಳಸಬ್ಯಾಡ್ರಿ. ಬಳಿ ತೊಡಸ್ರಿ."

"ಏನು?"

"ಹಸರು ಬಳಿ. ಮುಂಗೈಯಿಂದ ಇಲ್ಲೀತನಕ, ಹಚ್ಚಿ ಮುಚ್ಚೂವಂಗ. ಗಂಡ ಸತ್ತಾಕಿ ಅಂತ ನನ್ನ ಎಲ್ಲಾರಿಗೂ ಗೊತ್ತೈತಿ. ಕೈತುಂಬ ಹಸರು ಬಳಿ ಇದ್ದ ಮ್ಯಾಲ ನಾ ಅಂತ ಯಾರಂತಾರ?"

ಇವರು ಅವಳನ್ನು ನೋಡುತ್ತ ನಿಂತರು. ಶಿಂಪಿಯ ನೋಟವಾಗಿರಲಿಲ್ಲ ಅದು. ಕೊನೆಗೆ ಹುಡುಗನಂತೆ ನಾಚಿ, "ನೋಡದ ಬರ್ಯಾಕ ಬರಂಗಿಲ್ಲ ನನಗ" ಎಂದರು.

ನನ್ನ ಕೈಯಲ್ಲಿ ಡಜನ್ ಡಜನ್ ಹಸಿರು ಬಳೆಗಳಿದ್ದವು. ಗಂಡ ಬದುಕಿರುವಾಗ ಕೈ ಬರಿದು ಮಾಡಬಾರದು, ಅದೂ ಗಂಡನ ಎದುರಿಗೆ. ಒಂದೊಂದು ಕೈಯಲ್ಲಿ ಒಂದೊಂದು ಉಳಿಸಿಕೊಂಡು ಮಿಕ್ಕವನ್ನು ತೆಗೆದೆ. ಅವತ್ತೆಲ್ಲ ಇವರು ಒಂದು ಸಲ ಕೆಮ್ಮಿದರೂ ನನ್ನ ಎದೆ ಧಸಕ್ಕೆನ್ನುತ್ತಿತ್ತು. ಮಾವಶಿಯ ಕೈ ದುಡಿದು ದಪ್ಪಗಾಗಿತ್ತು. ಸಾಬೂನು ಹಚ್ಚಿ ಒಂದೊಂದಾಗಿ ತೊಡಿಸಿದೆ. ಅವಳು ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದಳು. ಆಮೇಲೆ ಸೀರೆಯುಟ್ಟಂತೆಯೇ ನೆಲದ ಮೇಲೆ ಕೂತು, ಮೊಣಕಾಲಿಗೆ ಕೈ ಸುತ್ತಿದಳು. ಒಂದು ತಾಸು ಇವರು ಬರೆದರು. ಬೆರಳು ಒಂದು ಸಲವೂ ಅಲುಗಲಿಲ್ಲ.

ಬರೆದು ಮುಗಿದ ಮೇಲೆ ಬಳೆ ಹೊರಬರಲೊಲ್ಲವು. ಬೇಸಿಗೆಯ ಧಗೆಗೆ ಕೈ ಬಾತಿತ್ತು. ಹತ್ತಕ್ಕೆ ಬಾಗಿಲು ತೆರೆಯಬೇಕು.

"ಒಡದು ತಗದಬಿಡ್ರಿ, ನಾ ಹೊಸಾವು ಕೊಡಸ್ತೀನಿ" ಎಂದರು ಇವರು.

ಮಾವಶಿ ಕೈಯನ್ನು ಎದೆಗೆ ಒತ್ತಿಕೊಂಡಳು. "ಒಂದ ಸಲ ಒಡಸ್ಕೊಂಡೀನ್ರಿ ಮಾಸ್ತರ. ಸಾಕು."

ಶಾಲೆಯ ಹಿಂದಿನ ನಲ್ಲಿಯ ಹತ್ತಿರ ನಾವಿಬ್ಬರೂ ಕೂತೆವು. ತಣ್ಣೀರು ಬಿಟ್ಟು, ಸಾಬೂನು ಹಚ್ಚಿ, ಒಂದೊಂದನ್ನೇ ಹೊರಳಿಸಿ ತೆಗೆದೆ. ಒಂದೂ ಒಡೆಯಲಿಲ್ಲ. ಇಬ್ಬರಿಗೂ ಅವಸರವಿರಲಿಲ್ಲ. ಅವಳು ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋದಳು.

ಭಾನುವಾರ ಬೇಡಕಿಹಾಳದವರು ಬಂದರು. ಸಾಲಿ ಮಾಸ್ತರರ ಹಿಂದೆ ಐದಾರು ಜನ, ಅವರಲ್ಲೊಂದು ಕೆಂಪು ರುಮಾಲು. ನಾನು ನನಗರಿವಿಲ್ಲದೆ ಪರದೆಯ ಮಗ್ಗುಲಿಗೆ ಸರಿದು, ಬೆಂಚಿನ ಮೇಲೆ ಮುದುಡಿ ಕೂತೆ. ಬೇರೆಯವರು ನೋಡಿ, ನಕ್ಕು, ಸರಿದರು. ಮೈದುನ ನಿಂತೇ ಇದ್ದ. ಅವನ ಚಪ್ಪಲಿ ಪರದೆಯ ಕೆಳಗೆ ನನಗೆ ಕಾಣುತ್ತಿದ್ದವು.

"ಯಾವ ಊರಾಕಿ ಇರಬೇಕೋ ಇಕಿ?" ಎಂದಿತು ಒಂದು ದನಿ.

"ಯಾವ ಊರಾಕಿದ್ರೇನ್ಲೇ. ಮುತ್ತೈದಿ ಅದಾಳ, ಬಳಿ ನೋಡಲ್ಲಿ." ಇದು ಅವನ ದನಿ. "ಗಂಡನ್ನ ಹುಡುಕಿ ಒದೀಬೇಕು."

ಚಪ್ಪಲಿಗಳು ಮುಂದೆ ಹೋದವು.

ಸಂಜೆಗೆ ಬಹುಮಾನ ಕೊಡಲು ಬಂದ ಹಿರಿಯ ಕಲಾವಿದರು ಇವರ ಚಿತ್ರದ ಮುಂದೆ ಬಹಳ ಹೊತ್ತು ನಿಂತರು. ಬೆನ್ನು ಅದ್ಭುತ, ತಲೆಯ ಬಟ್ಟೆ ಇನ್ನೂ ಅದ್ಭುತ ಎಂದರು. "ಈ ಬಳೆ ಮಾತ್ರ ಸುಳ್ಳು. ಕ್ಯಾಲೆಂಡರಿನವು. ಇಷ್ಟು ಸತ್ಯ ಕಂಡವರು ಕೊನೆಗೆ ಅಲಂಕಾರಕ್ಕೆ ಸೋತಿದ್ದೀರಿ."

"ಹೌದ್ರಿ" ಎಂದರು ಇವರು.

ಅಷ್ಟೇ. ಬಹುಮಾನ ಕಾಗವಾಡದವರೊಬ್ಬರ ಬೆಲ್ಲದ ಪೆಂಟೆಯ ಚಿತ್ರ ಒಂದಕ್ಕೆ ಹೋಯಿತು. ಹತ್ತು ವರ್ಷದ ಸಂಸಾರದಲ್ಲಿ ಇವರ ಬಾಯಿಂದ ನಾನು ಕೇಳಿದ ಮಾತುಗಳಲ್ಲಿ ಆ 'ಹೌದ್ರಿ'ಯೇ ನನಗೆ ಹೆಚ್ಚು ಹಿಡಿಸಿದ್ದು. ಬಸ್ಸಿನಲ್ಲಿ ಅದನ್ನು ಹೇಳಬೇಕೆಂದುಕೊಂಡೆ. ಇವರು ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿದ್ದರು, ಕತ್ತು ಎದೆಯ ಮೇಲೆ.

ಸೋಮವಾರ ವಖಾರಿಯ ಗೇಟಿನಲ್ಲಿ ಮಾವಶಿಯನ್ನು ನಿಲ್ಲಿಸಿದೆ.

"ನಿಮ್ಮೂರಾವ್ರು ನೋಡಿದ್ರು."

"ಏನಂದ್ರು?"

"ಮುತ್ತೈದಿ ಅದಾಳ ಅಂದ್ರು."

"ಯಾರಂದ್ರು?"

"ನಿನ್ನ ಮೈದುನ."

ಅವಳು ಬುತ್ತಿಯ ಗಂಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದಳು. ಒಳಗಿನಿಂದ ಕೆಲಸ ಹಂಚುವ ಮುಕಾದಮ ಕೂಗಿದ. ಎಲೆಯ ಧೂಳಿಗೆ ಯಾರೋ ಕೆಮ್ಮುತ್ತಿದ್ದರು.

"ಹಂಗಾರ ಮಳಿಗಾಲದೊಳಗ ಎಮ್ಮಿ ಕಟ್ಟೂ ಜಾಗಾದ ಮ್ಯಾಲ ತಗಡು ಹಾಕಸ್ತೀನ್ರಿ ಅಕ್ಕೋರ. ಎರಡು ವರ್ಷಾತು, ಇವತ್ತೋ ನಾಳೆಯೋ ಹೊರಗ ಹಾಕ್ತಾನಂತ ಬಿಟ್ಟಿದ್ದೆ" ಎಂದು ಹೇಳಿ, ಸೆರಗು ಎಳೆದುಕೊಂಡು ಒಳಗೆ ಹೋದಳು.

ನಾನು ಗೇಟಿನ ಹತ್ತಿರವೇ ನಿಂತು, ತಗಡು ಹಾಕಿಸಲು ಮೈದುನ ಬಿಡುತ್ತಾನೋ ಇಲ್ಲವೋ ಎಂದು ಚಿಂತೆ ಮಾಡತೊಡಗಿದೆ.